ಇಂಗ್ಲಿಷ್ ಮೇಷ್ಟರ ಕನ್ನಡ

ಮನೆಯಲ್ಲಿ ನಾಲ್ಕೈದು ವರ್ಷದ ಮಗುವಿದ್ದರೆ ಅದು ಸ್ಕೂಲಾಟ ಆಡುವುದನ್ನು ನೀವು ನೋಡಿಯೇ ಇರುತ್ತೀರಿ. ದಿಂಬುಗಳನ್ನು ಸಾಲಾಗಿ ಕೂರಿಸಿ, ಕೈಯಲ್ಲೊಂದು ಕಡ್ಡಿ ಹಿಡಿದು ಮಗು ತಾನೇ ಮಿಸ್ ಆಗಿಬಿಡುತ್ತದೆ. ಸ್ವಲ್ಪ ಹೊತ್ತು ಬಾಗಿಲ ಮರೆಯಲ್ಲಿ ನಿಂತು ಕೇಳಿ. ಅಲ್ಲಿ ಪಾಠ ಕಡಿಮೆ. ಮಿಸ್ಸಿನ ದನಿ, ಕಣ್ಣು ಬಿಡುವ ರೀತಿ, ಯಾರನ್ನು ಹತ್ತಿರ ಕರೆಯುತ್ತಾರೆ, ಯಾರನ್ನು ಹಿಂದಿನ ಬೆಂಚಿಗೆ ಕಳಿಸುತ್ತಾರೆ ಎಂಬುದೆಲ್ಲ ಒಂದೂ ಬಿಡದೆ ಬರುತ್ತದೆ.

ಇನ್ನೊಂದನ್ನೂ ಮಗು ಗಮನಿಸಿರುತ್ತದೆ: ಮಿಸ್ಸು ಯಾರೊಡನೆ ಯಾವ ಭಾಷೆ ಆಡುತ್ತಾರೆ ಎಂಬುದನ್ನು. ಕಾರಿನಲ್ಲಿ ಬಂದ ತಂದೆಗೆ ನಗುನಗುತ್ತಾ ಇಂಗ್ಲಿಷ್. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದ ತಂದೆಗೆ ನಿಂತ ನಿಲುವಿನಲ್ಲೇ ನಾಲ್ಕು ಮಾತು ಕನ್ನಡ. ಆಯಾಳನ್ನು ಗದರುವುದೂ ಕನ್ನಡದಲ್ಲೇ. ಕನ್ನಡ ಆಡಿದ ಮಗುವಿಗೆ ದಂಡ ಹಾಕುವ ಶಾಲೆಗಳೂ ಉಂಟು. ಆದರೆ ದಂಡ ಹಾಕದ ಶಾಲೆಯಲ್ಲೂ ತನ್ನ ಅಮ್ಮನ ಮಾತು ಬಡವರ ಮಾತು, ಬೈಗುಳದ ಮಾತು ಎಂದು ಮಗು ತಾನಾಗಿಯೇ ಕಲಿತುಬಿಡುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಬೆಳಿಗ್ಗೆ ಮಕ್ಕಳನ್ನು ತುಂಬಿಕೊಂಡು ಹೋಗುವ ಸ್ಕೂಲು ವ್ಯಾನುಗಳನ್ನು ಕಂಡಾಗ ಈ ಸೀಮೆಯವರೇ ಆದ ಒಬ್ಬ ಇಂಗ್ಲಿಷ್ ಮೇಷ್ಟರು ನೆನಪಾಗುತ್ತಾರೆ. ಅವರೇ ಬಿ.ಎಂ. ಶ್ರೀಕಂಠಯ್ಯನವರು, ನಾವೆಲ್ಲ ಬಿ.ಎಂ.ಶ್ರೀ. ಎಂದು ಕರೆಯುವವರು. ಅವರು ಪಾಠ ಹೇಳಿದ್ದು ಕಾಲೇಜಿನ ಹುಡುಗರಿಗೆ, ಪುಟ್ಟ ಮಕ್ಕಳಿಗಲ್ಲ ಎನ್ನುವಿರೇನೋ. ನಿಜ. ಆದರೆ ಮೀಸೆ ಬಂದ ಹುಡುಗರೇ ಮೇಷ್ಟರ ನಡತೆ ನೋಡಿ ದಾರಿ ಬದಲಿಸಿದರೆಂದಮೇಲೆ, ಐದು ವರ್ಷದ ಕೂಸಿನ ಗತಿಯೇನು, ನೀವೇ ಯೋಚಿಸಿ.

ಅವರ ಮನೆತನ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಹೆಸರಿನ ಮೊದಲಲ್ಲಿರುವ ‘ಬಿ’ ಆ ಬೆಳ್ಳೂರೇ. 1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರಿಂದ ಬಾಲ್ಯ ಕಳೆದದ್ದು, ಅಕ್ಷರ ಕಲಿತದ್ದು ಕಾವೇರಿಯ ದಂಡೆಯ ಆ ಊರಿನಲ್ಲಿ. ಮುಂದೆ ಮೈಸೂರು, ಬೆಂಗಳೂರು, ಮದರಾಸುಗಳಲ್ಲಿ ಓದಿ ಎಂ.ಎ. ಮಾಡಿದರು. 1909ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ಆ ಕಾಲದ ಕಾಲೇಜನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಇಂಗ್ಲಿಷ್ ಪ್ರೊಫೆಸರರಿಗೆ ಒಂದು ಮರ್ಯಾದೆ, ಕನ್ನಡ ಪಂಡಿತರಿಗೆ ಇನ್ನೊಂದು. ಸಂಬಳದಲ್ಲೂ ಅಂತರ, ಹುಡುಗರು ಕೊಡುವ ಗೌರವದಲ್ಲೂ ಅಂತರ. ಓದಿದವನು ಕನ್ನಡದಲ್ಲಿ ಕಾಗದ ಬರೆದರೂ ಸಂಕೋಚಪಡುವ ಕಾಲ. ಅಂಥ ಕಡೆ ಇಂಗ್ಲಿಷ್ ಮೇಷ್ಟರೇ ಎದ್ದು ಕನ್ನಡದ ಪರ ನಿಂತರು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದಾಗ ಅವರಿಗಿನ್ನೂ 27 ವರ್ಷ.

ಭಾಷಣ ಮಾಡಿ ಮನೆಗೆ ಹೋದವರು ಬಹಳ ಮಂದಿ. ಇವರು ಹಾಗಲ್ಲ. ಇಂಗ್ಲಿಷ್ ಕವಿಗಳ ಪದ್ಯಗಳನ್ನು ತಾವೇ ಕೂತು ಕನ್ನಡಕ್ಕೆ ತಂದರು. ಹಳೆಯ ಪ್ರಾಸದ ಕಟ್ಟು ಬಿಟ್ಟು, ಬಾಯಲ್ಲಿ ಆಡುವ ಮಾತಿಗೆ ಹತ್ತಿರವಾಗಿ ಬರೆದ ಆ ಪದ್ಯಗಳು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಪುಸ್ತಕವಾಗಿ ಬಂದವು. ಅವುಗಳಲ್ಲೊಂದನ್ನು ನೀವು ಖಂಡಿತ ಹಾಡಿದ್ದೀರಿ. ಮನೆ ದೂರ, ಇರುಳು ಕವಿದಿದೆ, ಬೆಳಕೇ ಬಂದು ದಾರಿ ತೋರಲಿ ಎಂಬ ಆ ಪ್ರಾರ್ಥನೆ ಮೂಲದಲ್ಲಿ ಜಾನ್ ಹೆನ್ರಿ ನ್ಯೂಮನ್ನರದು. 1833ರಲ್ಲಿ ಸಿಸಿಲಿಯಲ್ಲಿ ಕಾಯಿಲೆಯಿಂದ ಎದ್ದು ಹಡಗಿನಲ್ಲಿ ಊರಿಗೆ ಮರಳುತ್ತಿದ್ದಾಗ ಅವರು ಅದನ್ನು ಬರೆದರು. ಆಗ ಅವರು ಆಂಗ್ಲಿಕನ್ ಪಾದ್ರಿ. 1845ರಲ್ಲಿ ಕಥೋಲಿಕರಾದರು, 1879ರಲ್ಲಿ ಕಾರ್ಡಿನಲರಾದರು, 2019ರಲ್ಲಿ ಸಂತರ ಸಾಲಿಗೆ ಸೇರಿದರು. ನಮ್ಮ ಶಾಲೆಗಳ ಮಕ್ಕಳು ಬೆಳಗಿನ ಪ್ರಾರ್ಥನೆಯಲ್ಲಿ ಆ ಸಂತರ ಮಾತನ್ನು ಹಾಡುವುದು ಬೆಳ್ಳೂರಿನ ಈ ಮೇಷ್ಟರ ಕನ್ನಡದಲ್ಲಿ.

1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ತೆರೆಯಿತು. ಅದರ ಹಿಂದೆಯೂ ಅವರ ಶ್ರಮವಿತ್ತು. ಇಂಗ್ಲಿಷ್ ಪ್ರಾಧ್ಯಾಪಕರಾದರೂ ಆ ತರಗತಿಗೆ ಹೋಗಿ ತಾವೇ ಕನ್ನಡ ಪಾಠ ಹೇಳಿದರು. ಕುವೆಂಪು ಅವರ ಮುಂದೆ ಕೂತು ಕಲಿತವರು. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಇಂಗ್ಲಿಷ್ ಪಾಠ ಹೇಳಿ, ಬರೆದದ್ದು ಹೆಚ್ಚಾಗಿ ಕನ್ನಡದಲ್ಲಿ. ಇದು ಯಾರನ್ನು ನೋಡಿ ಬಂದ ರೂಢಿ ಎಂದು ಬೇರೆ ಹೇಳಬೇಕಾಗಿಲ್ಲ. ಅದೇ ಕನ್ನಡ ಎಂ.ಎ. ತರಗತಿಯಿಂದ ಹೊರಬಂದ ಜಿ.ಪಿ. ರಾಜರತ್ನಂ, ಅಷ್ಟು ದೊಡ್ಡ ಓದು ಓದಿಯೂ, ಚಿಕ್ಕ ಮಕ್ಕಳಿಗಾಗಿ ‘ತುತ್ತೂರಿ’ಯ ಪದ್ಯಗಳನ್ನು ಬರೆದರು. ಮೇಷ್ಟರು ಎಂ.ಎ. ತರಗತಿಯಲ್ಲಿ ತೋರಿದ ಪ್ರೀತಿ ಹೀಗೆ ಶಿಶುವಿಹಾರದ ಚಾಪೆಯವರೆಗೂ ಬಂತು.

ಇಂಗ್ಲಿಷ್ ಬಿಡಿ ಎಂದು ಬಿ.ಎಂ.ಶ್ರೀ. ಯಾರಿಗೂ ಬೋಧಿಸಲಿಲ್ಲ. ಇಂಗ್ಲಿಷನ್ನು ಮನಸಾರೆ ಪ್ರೀತಿಸಿ ಕಲಿಸಿದರು, ಅದರಿಂದ ಗ್ರೀಕ್ ನಾಟಕಗಳ ರುಚಿ ಹತ್ತಿಸಿಕೊಂಡು ‘ಅಶ್ವತ್ಥಾಮನ್’ ಬರೆದರು. ಒಂದು ಭಾಷೆಯನ್ನು ಗೌರವಿಸಲು ಇನ್ನೊಂದನ್ನು ಕೀಳು ಮಾಡಬೇಕಾಗಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಅವರ ಬಾಯಿಂದ ಕೇಳಲಿಲ್ಲ, ಅವರನ್ನು ನೋಡಿ ತಿಳಿದರು. ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಗಳ ಮಿಸ್ಸುಗಳು, ಸಿಸ್ಟರುಗಳು ಇದನ್ನೊಮ್ಮೆ ಯೋಚಿಸಬಾರದೇಕೆ? ಇಂಗ್ಲಿಷ್ ಚೆನ್ನಾಗಿ ಬಲ್ಲ ಮಿಸ್ಸು ಟವೆಲ್ಲಿನ ತಂದೆಗೆ ಕುರ್ಚಿ ತೋರಿಸಿ ಕನ್ನಡದಲ್ಲಿ ನಾಲ್ಕು ಒಳ್ಳೆಯ ಮಾತಾಡಿದರೆ, ಪಕ್ಕದಲ್ಲಿ ನಿಂತ ಮಗು ಅದನ್ನೂ ನೋಡುತ್ತದೆ.

1941ರಲ್ಲಿ ಶಿಷ್ಯರೂ ಗೆಳೆಯರೂ ಸೇರಿ ‘ಸಂಭಾವನೆ’ ಎಂಬ ಗ್ರಂಥವನ್ನು ಅವರಿಗೆ ಅರ್ಪಿಸಿದರು. ನಾಡು ಅವರನ್ನು ಕನ್ನಡದ ಕಣ್ವ ಎಂದು ಕರೆಯಿತು. ಕೊನೆಯ ದಿನಗಳಲ್ಲಿ ಅವರು ಧಾರವಾಡಕ್ಕೆ ಹೋಗಿ ಅಲ್ಲಿನ ಕಾಲೇಜೊಂದರ ಪ್ರಿನ್ಸಿಪಾಲರಾದರು. 35 ವರ್ಷ ಹಿಂದೆ ತರುಣ ಮೇಷ್ಟರಾಗಿ ಭಾಷಣ ಮಾಡಿದ್ದ ಅದೇ ಊರಿನಲ್ಲಿ, 1946ರ ಜನವರಿ 5ರಂದು, 62 ತುಂಬಿದ ಎರಡನೆಯ ದಿನ ತೀರಿಕೊಂಡರು.