ಕಹಿಗೆ ಸಿಹಿ ಬೆರೆಸಿದ ಕಾರ್ಪಾನೊ

ಯುಗಾದಿಯ ಬೇವು-ಬೆಲ್ಲ ತಿಂದು ಹದಿನೈದು ದಿನಕ್ಕೆ ದವನದ ಹುಣ್ಣಿಮೆ. ನಮ್ಮ ಕೆ.ಆರ್. ನಗರದ ಕಡೆ ಮಲ್ಲಿಗೆಯ ಜೊತೆ ಸೇರಿಸಿ ಕಟ್ಟುವ ಈ ಘಮಘಮಿಸುವ ದವನಕ್ಕೆ ಯುರೋಪಿನಲ್ಲಿ ಒಂದು ನೆಂಟ ಗಿಡವಿದೆ. ಎರಡೂ ಆರ್ಟಿಮೀಸಿಯ ಕುಲದವು. ಜರ್ಮನ್ನರು ಅದನ್ನು ವೆರ್ಮುತ್ ಎನ್ನುತ್ತಾರೆ. ರುಚಿಯಲ್ಲಿ ಬೇವಿನಂತೆ ಕಹಿ. ಆ ಕಹಿ ಸೊಪ್ಪಿನಿಂದ ಒಂದು ಊರಿಗೇ ಹೆಸರು ತಂದವನು ಇಟಲಿಯ ಆಂಟೋನಿಯೊ ಬೆನೆಡೆಟ್ಟೊ ಕಾರ್ಪಾನೊ.

ಕಾರ್ಪಾನೊ ಹುಟ್ಟಿದ್ದು ಆಲ್ಪ್ಸ್ ತಪ್ಪಲಿನ ಬಿಯೋಲ್ಯೊ ಎಂಬ ಹಳ್ಳಿಯಲ್ಲಿ. ಮುಂದೆ ಪೀಡ್‌ಮಾಂಟ್ ಪ್ರಾಂತ್ಯದ ಟೂರಿನ್ ನಗರಕ್ಕೆ ಬಂದು, ಅರಮನೆಯ ಸಮೀಪದ ಮದ್ಯದಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಈ ಸೊಪ್ಪನ್ನು ದ್ರಾಕ್ಷಿ ಮದ್ಯದಲ್ಲಿ ನೆನೆಸಿ ಹೊಟ್ಟೆಯ ಕಾಯಿಲೆಗೆ ಕೊಡುವುದು ಗ್ರೀಕ್, ರೋಮನ್ ವೈದ್ಯರ ಕಾಲದಿಂದಲೂ ಇತ್ತು. ಆದರೆ ಅದು ಮೂಗು ಮುಚ್ಚಿಕೊಂಡು ಕುಡಿಯುವ ಔಷಧ. 1786ರಲ್ಲಿ ಕಾರ್ಪಾನೊ ಅದನ್ನೇ ಬೇರೆ ಹದದಲ್ಲಿ ಮಾಡಿದ. ಆ ಸೀಮೆಯ ಸಿಹಿ ಮಸ್ಕಟ್ ದ್ರಾಕ್ಷಿಯ ಮದ್ಯಕ್ಕೆ ಕಹಿ ಸೊಪ್ಪು, ಮಸಾಲೆ, ಸಕ್ಕರೆ ಸೇರಿಸಿದ. ಬೇಗ ಕೆಡದಂತೆ ಸಾರಾಯಿಯನ್ನೂ ಬೆರೆಸಿದ. ಅದೇ ವರ್ಮೂತ್.

ನಾಲಿಗೆಗೆ ಮೊದಲು ಸಿಹಿ, ಆಮೇಲೆ ಮಸಾಲೆ, ಕೊನೆಗೆ ಕಹಿ. ಆ ಕಹಿ ಹಸಿವನ್ನು ಕೆರಳಿಸುತ್ತದೆಂದು ಅಲ್ಲಿನವರು ಅದನ್ನು ಊಟಕ್ಕೆ ಮುಂಚೆ ಕುಡಿಯತೊಡಗಿದರು. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕುವ ನಮ್ಮ ಮನೆಗಳಿಗೆ ಈ ಗುಟ್ಟು ಹೊಸದೇನಲ್ಲ. ದೊರೆ ಮೂರನೇ ವಿಕ್ಟರ್ ಅಮೇಡಿಯಸ್‌ಗೂ ಇದು ಮೆಚ್ಚುಗೆಯಾಯಿತೆಂದು ಹೇಳುತ್ತಾರೆ.

ಹತ್ತು ವರ್ಷಕ್ಕೆ ನೆಪೋಲಿಯನ್ನನ ಸೇನೆ ನುಗ್ಗಿತು. 1802ರಲ್ಲಿ ಪೀಡ್‌ಮಾಂಟ್ ಫ್ರಾನ್ಸಿನ ಪಾಲಾಯಿತು. 1814ರಲ್ಲಿ ರಾಜಮನೆತನ ಮರಳಿತು, ಮರುವರ್ಷವೇ ಕಾರ್ಪಾನೊ ತೀರಿಕೊಂಡ. ದೊರೆಗಳು ಬದಲಾದರೂ ಆತನ ಹದ ಉಳಿಯಿತು. ಟೂರಿನ್ನಿನ ಬೇರೆ ವ್ಯಾಪಾರಿಗಳೂ ಅದೇ ಜಾಡು ಹಿಡಿದು ವರ್ಮೂತನ್ನು ಹಡಗಿನಲ್ಲಿ ಅಮೆರಿಕಕ್ಕೆ ಕಳುಹಿಸಿದರು. ಇಂದು ಟೂರಿನ್ ವರ್ಮೂತ್ ಎಂಬ ಹೆಸರಿಗೆ, ನಮ್ಮ ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗಿರುವಂತೆ, ಕಾನೂನಿನ ರಕ್ಷಣೆಯಿದೆ.

ಹಾಗೆಂದು ವರ್ಮೂತ್ ಔಷಧವಲ್ಲ, ಮದ್ಯವೇ. ಬಿಯರ್‌ಗಿಂತ ಎಷ್ಟೋ ಪಟ್ಟು ಗಡುಸು. ಕುಡಿತದಿಂದ ಹಾಳಾದ ಮನೆಗಳನ್ನು ಕಂಡ ನಮಗೆ ಅದರ ಅಪಾಯವನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾರ್ಪಾನೊನಿಂದ ಕಲಿಯಬೇಕಾದದ್ದು ಕುಡಿತವನ್ನಲ್ಲ, ಕಸುಬನ್ನು. ಕರ್ನಾಟಕದ ರೈತರು ಬೆಳೆದ ದವನದ ಎಣ್ಣೆ ವಿದೇಶದ ಸುಗಂಧ ದ್ರವ್ಯಗಳಿಗೆ ಸೇರುತ್ತದೆ. ಆ ಸೀಸೆಗಳ ಮೇಲೆ ನಮ್ಮ ಊರುಗಳ ಹೆಸರು ಕಾಣುವುದು ಅಪರೂಪ. ಅಂಗಡಿಯಲ್ಲಿ ಕೆಲಸಕ್ಕಿದ್ದ ಹಳ್ಳಿ ಹುಡುಗನೊಬ್ಬ ಬೆಟ್ಟದ ಸೊಪ್ಪಿನಿಂದ ತನ್ನ ನಗರಕ್ಕೆ ಹೆಸರು ತಂದ. ಓದು ಮುಗಿಸಿ ಕೆಲಸ ಹುಡುಕುತ್ತಾ ಬೆಂಗಳೂರಿನ ಬಸ್ಸು ಹತ್ತುವ ನಾವು, ಹೊರಡುವ ಮುನ್ನ ನಮ್ಮ ಹೊಲದ ಬದುವನ್ನೂ ಒಮ್ಮೆ ನೋಡಬಹುದಲ್ಲವೇ?