ಕಡಲ ಬೇಟೆಗಾರ ಝೇನ್ ಗ್ರೇ

ಮನುಷ್ಯನಿಗೂ ಕಡಲಿಗೂ ಇರುವ ನಂಟು ಬಹು ಪುರಾತನವಾದುದು. ಹೊಟ್ಟೆಯ ಪಾಡಿಗಾಗಿ ಬಲೆ ಬೀಸುವ ಬೆಸ್ತನಿಗೆ ಕಡಲು ಅನ್ನದಾತೆ. ಸರಕು ತುಂಬಿದ ಹಡಗನ್ನು ನಡೆಸುವ ನಾವಿಕನಿಗೆ ಅದು ಹೆದ್ದಾರಿ. ಇವರಿಬ್ಬರಿಗಿಂತ ಭಿನ್ನರಾದ ಜನರೂ ಉಂಟು. ಒಂದು ಕೋಲು, ಒಂದು ದಾರ, ಒಂದು ಗಾಳ ಇಷ್ಟನ್ನೇ ನೆಚ್ಚಿ, ತಮಗಿಂತ ಹಲವು ಪಟ್ಟು ಭಾರವಾದ ಮೀನಿನೊಡನೆ ಗಂಟೆಗಟ್ಟಲೆ ಹೋರಾಡುವುದೇ ಅವರಿಗೆ ಪರಮಾನಂದ. ಅಂಥವರಲ್ಲಿ ಅಗ್ರಗಣ್ಯನೆನಿಸಿದವನು ಅಮೆರಿಕದ ಕಾದಂಬರಿಕಾರ ಝೇನ್ ಗ್ರೇ.

ಗ್ರೇ 1872ರ ಜನವರಿ 31ರಂದು ಓಹಾಯೊ ರಾಜ್ಯದ ಝೇನ್ಸ್‌ವಿಲ್ ಎಂಬ ಊರಿನಲ್ಲಿ ಜನಿಸಿದನು. ಆ ಊರನ್ನು ಸ್ಥಾಪಿಸಿದವನು ಅವನ ತಾಯಿಯ ಪೂರ್ವಿಕನಾದ ಎಬೆನೆಜರ್ ಝೇನ್. ತಂದೆ ದಂತವೈದ್ಯ, ಶಿಸ್ತಿನ ಮನುಷ್ಯ. ಬಾಲಕನಿಗೆ ಪಾಠಕ್ಕಿಂತ ಹೊಳೆಯ ದಂಡೆಯೇ ಪ್ರಿಯವಾಗಿತ್ತು. ಮೀನು ಹಿಡಿಯುವುದು, ಬೇಸ್‌ಬಾಲ್ ಆಡುವುದು, ಸಾಹಸದ ಕಥೆಗಳನ್ನು ಓದುವುದು ಇವೇ ಅವನ ಹವ್ಯಾಸಗಳು. ಚಿಕ್ಕಂದಿನಲ್ಲಿ ಅವನು ಬರೆದ ಮೊದಲ ಕಥೆಯನ್ನು ತಂದೆ ಹರಿದುಹಾಕಿದನಂತೆ. ಆದರೆ ಹರಿದದ್ದು ಕಾಗದವೇ ಹೊರತು ಬರೆಯುವ ಹಂಬಲವಲ್ಲ.

ಬೇಸ್‌ಬಾಲ್ ಆಟದಲ್ಲಿದ್ದ ನೈಪುಣ್ಯ ಅವನಿಗೆ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಬಾಗಿಲನ್ನು ತೆರೆಯಿತು. 1896ರಲ್ಲಿ ದಂತವೈದ್ಯ ಪದವಿಯನ್ನು ಪಡೆದು, ನ್ಯೂಯಾರ್ಕ್ ನಗರದಲ್ಲಿ ವೃತ್ತಿಯನ್ನು ಆರಂಭಿಸಿದನು. ಹಗಲೆಲ್ಲ ಹಲ್ಲು ಕೀಳುವ ಕೆಲಸ, ಇರುಳಿನಲ್ಲಿ ಬರವಣಿಗೆ. 1902ರಲ್ಲಿ ಮೊದಲ ಲೇಖನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಮರುವರ್ಷ ‘ಬೆಟ್ಟಿ ಝೇನ್’ ಎಂಬ ಮೊದಲ ಕಾದಂಬರಿ ಹೊರಬಂದಿತು. 1905ರಲ್ಲಿ ಲೀನಾ ರೋತ್ ಎಂಬ ವಿದ್ಯಾವಂತೆ ಅವನ ಕೈಹಿಡಿದಳು. ಡಾಲಿ ಎಂದೇ ಹೆಸರಾದ ಈಕೆ ಪತಿಯ ಹಸ್ತಪ್ರತಿಗಳನ್ನು ತಿದ್ದಿ, ಪ್ರಕಾಶಕರೊಡನೆ ವ್ಯವಹರಿಸಿ, ಸಂಸಾರದ ಹೊರೆಯನ್ನೂ ಹೊತ್ತಳು. ಗ್ರೇ ದಂತವೈದ್ಯ ವೃತ್ತಿಯನ್ನು ತೊರೆದು ಬರವಣಿಗೆಯನ್ನೇ ನಂಬಿದನು.

ಆ ನಂಬಿಕೆಗೆ ಫಲ ಸುಲಭವಾಗಿ ಸಿಕ್ಕಲಿಲ್ಲ. ಪಶ್ಚಿಮದ ಮರುಭೂಮಿಗಳಲ್ಲಿ ಅಲೆದು ಬರೆದ ಕೃತಿಯನ್ನು ನ್ಯೂಯಾರ್ಕಿನ ಹಾರ್ಪರ್ ಪ್ರಕಾಶನ ಸಂಸ್ಥೆ ನಿರಾಕರಿಸಿತು. ಬರೆಯುವ ಶಕ್ತಿಯೇ ಅವನಲ್ಲಿಲ್ಲವೆಂದು ಸಂಪಾದಕನು ತೀರ್ಪು ನೀಡಿದನು. ಗ್ರೇ ಕುಗ್ಗಿದನು, ಆದರೆ ಲೇಖನಿಯನ್ನು ಕೆಳಗಿಡಲಿಲ್ಲ. 1910ರಲ್ಲಿ ಅದೇ ಸಂಸ್ಥೆ ಅವನ ಕಾದಂಬರಿಯೊಂದನ್ನು ಪ್ರಕಟಿಸಿತು. 1912ರಲ್ಲಿ ಬಂದ ‘ರೈಡರ್ಸ್ ಆಫ್ ದಿ ಪರ್ಪಲ್ ಸೇಜ್’ ಕಾದಂಬರಿ ಅವನನ್ನು ಮನೆಮಾತನ್ನಾಗಿ ಮಾಡಿತು. ಕೀರ್ತಿಯೊಡನೆ ಸಂಪತ್ತೂ ಹರಿದುಬಂದಿತು. ಆ ಸಂಪತ್ತಿನ ಬಹುಭಾಗವನ್ನು ಅವನು ಕಡಲಿಗೇ ಅರ್ಪಿಸಿದನೆಂದರೆ ಅತಿಶಯೋಕ್ತಿಯಲ್ಲ.

ಕ್ಯಾಲಿಫೋರ್ನಿಯದ ತೀರಕ್ಕೆ ಸಮೀಪವಿರುವ ಕ್ಯಾಟಲೀನ ದ್ವೀಪ ಆ ಕಾಲದಲ್ಲಿ ಕಡಲ ಬೇಟೆಗಾರರ ತೀರ್ಥಕ್ಷೇತ್ರದಂತಿತ್ತು. ಅಲ್ಲಿನ ಆವಲಾನ್ ಪಟ್ಟಣದಲ್ಲಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಎಂಬವನು 1898ರಲ್ಲಿ ಟ್ಯೂನಾ ಕ್ಲಬ್ಬನ್ನು ಸ್ಥಾಪಿಸಿದ್ದನು. ಮೀನಿಗೂ ತಪ್ಪಿಸಿಕೊಳ್ಳಲು ನ್ಯಾಯವಾದ ಅವಕಾಶವಿರಬೇಕು ಎಂಬುದು ಆ ಸಂಘದ ತತ್ತ್ವ. ಆದುದರಿಂದ ದಪ್ಪ ಹಗ್ಗಗಳಿಗೆ ಅಲ್ಲಿ ಮನ್ನಣೆಯಿರಲಿಲ್ಲ. ಕೋಲು ಮತ್ತು ತೆಳು ದಾರದಿಂದ ಸ್ವಂತ ಬಲದಿಂದಲೇ ಹಿಡಿದ ಮೀನಿಗೆ ಮಾತ್ರ ಗೌರವ. ಗ್ರೇ ಈ ವಿದ್ಯೆಯಲ್ಲಿ ಪಳಗಿದನು.

ಈ ಹೋರಾಟದ ರೀತಿ ತಿಳಿಯತಕ್ಕದ್ದಾಗಿದೆ. ಗಾಳ ಕಚ್ಚಿದ ದೊಡ್ಡ ಮೀನು ಮಿಂಚಿನಂತೆ ಓಡುತ್ತದೆ. ಆಗ ದಾರವನ್ನು ಬಿಗಿಹಿಡಿದರೆ ಅದು ನೂಲೆಳೆಯಂತೆ ತುಂಡಾಗುತ್ತದೆ; ಸಡಿಲ ಬಿಟ್ಟರೆ ಮೀನು ಗಾಳವನ್ನು ಉಗುಳಿ ಪಾರಾಗುತ್ತದೆ. ದಾರ ಸುತ್ತಿದ ರೀಲಿನೊಳಗೆ ಒಂದು ತಡೆಯಿರುತ್ತದೆ. ದಾರ ಹರಿಯದಷ್ಟು ಬಿಗಿಯಾಗಿ, ಮೀನು ದಣಿಯುವಷ್ಟು ಭಾರವಾಗಿ ಆ ತಡೆಯನ್ನು ಹೊಂದಿಸಬೇಕು. ಮೀನು ಓಡಿದಾಗ ದಾರವನ್ನು ಬಿಡಬೇಕು, ನಿಂತಾಗ ಕೋಲನ್ನು ಮೇಲಕ್ಕೆತ್ತಿ, ತಗ್ಗಿಸುತ್ತಾ ದಾರವನ್ನು ಮೊಳಮೊಳವಾಗಿ ಸುತ್ತಿಕೊಳ್ಳಬೇಕು. ಬೆನ್ನು ಮುರಿಯುವ, ಅಂಗೈ ಬೊಬ್ಬೆಯೇಳುವ ಕೆಲಸವಿದು. ಬಲಕ್ಕಿಂತ ತಾಳ್ಮೆಯೇ ಇಲ್ಲಿ ಮುಖ್ಯ.

1924ರಲ್ಲಿ ಕೆನಡದ ನೋವಾ ಸ್ಕೋಶಿಯ ಪ್ರಾಂತದ ತಣ್ಣನೆಯ ಕಡಲಿನಲ್ಲಿ ಗ್ರೇ 758 ಪೌಂಡು, ಎಂದರೆ ಸುಮಾರು 344 ಕಿಲೋಗ್ರಾಂ ತೂಕದ ಟ್ಯೂನಾ ಮೀನನ್ನು ಹಿಡಿದನು. ಅದು ಆ ಕಾಲಕ್ಕೆ ಜಗತ್ತಿನ ದಾಖಲೆ. 1926ರಲ್ಲಿ ನ್ಯೂಜಿಲೆಂಡಿಗೆ ಹೋಗಿ ಬೇ ಆಫ್ ಐಲೆಂಡ್ಸ್ ಎಂಬಲ್ಲಿ ಬೀಡುಬಿಟ್ಟನು. ಅಲ್ಲಿನ ಬೇಟೆಯನ್ನು ಕುರಿತು ಅವನು ಬರೆದ ಗ್ರಂಥ ಆ ಕಡಲನ್ನು ದೂರದೇಶಗಳಿಗೆ ಪರಿಚಯಿಸಿತು.

ಅವನ ಜೀವನದ ಮಹತ್ತರ ಘಟನೆ ನಡೆದುದು ಪೆಸಿಫಿಕ್ ಸಾಗರದ ತಾಹಿತಿ ದ್ವೀಪದ ಬಳಿ, 1930ರ ಮೇ ತಿಂಗಳಿನಲ್ಲಿ. ಈಟಿಯಂಥ ಮೂತಿಯುಳ್ಳ ಮಾರ್ಲಿನ್ ಮೀನಿಗಾಗಿ ಅವನು ಅಲ್ಲಿ ಬಹುಕಾಲ ಕಾದಿದ್ದನು; ಎಷ್ಟೋ ದಿನ ಬರಿಗೈಯಲ್ಲಿ ಮರಳಿದ್ದನು. ಕೊನೆಗೊಂದು ದಿನ ಮಹಾಮೀನೊಂದು ಗಾಳಕ್ಕೆ ಸಿಕ್ಕಿತು. ದೀರ್ಘ ಹೋರಾಟದ ಬಳಿಕ ಅದು ದಣಿದು ದೋಣಿಯತ್ತ ಬರುತ್ತಿರುವಾಗ ಶಾರ್ಕ್‌ಗಳು ಮುತ್ತಿಕೊಂಡವು. ಗೆಲುವು ಕೈಗೆಟಕುವ ಹೊತ್ತಿಗೆ ಅವು ಮೀನಿನ ಮಾಂಸವನ್ನು ಕಿತ್ತು ತಿಂದವು. ದಡದಲ್ಲಿ ತೂಗಿದಾಗ ಉಳಿದ ದೇಹವೇ 1,040 ಪೌಂಡು, ಸುಮಾರು 472 ಕಿಲೋಗ್ರಾಂ ಇದ್ದಿತು. ಕೋಲು ಮತ್ತು ರೀಲಿನಿಂದ ಸಾವಿರ ಪೌಂಡಿಗೂ ಮೀರಿದ ಮಾರ್ಲಿನ್ ಮೀನನ್ನು ಹಿಡಿದ ಮೊದಲಿಗ ಅವನೇ. ಆದರೂ ಆ ಮೀನು ಅಧಿಕೃತ ದಾಖಲೆಯ ಪಟ್ಟಿಯನ್ನು ಸೇರಲಿಲ್ಲ. ಶಾರ್ಕ್ ಕಚ್ಚಿದ ಮೀನು ಅರ್ಧ ಸೋತ ಮೀನು. ಗಾಯಗೊಂಡ ಮೀನನ್ನು ಗೆದ್ದವನು ಒಬ್ಬಂಟಿಯಾಗಿ ಗೆದ್ದವನಲ್ಲ ಎಂಬುದೇ ಇದಕ್ಕೆ ಕಾರಣ.

ಇದು ಕ್ರೂರವಾದ ನಿಯಮವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ವಿನಾಯಿತಿಗೆ ಒಮ್ಮೆ ಬಾಗಿಲು ತೆರೆದರೆ ದಾಖಲೆಯೆಂಬ ಮಾತಿಗೆ ಬೆಲೆಯಿರುವುದಿಲ್ಲ. ಈ ವಿವೇಕದಿಂದಲೇ 1939ರ ಜೂನ್ 7ರಂದು ನ್ಯೂಯಾರ್ಕಿನ ಅಮೆರಿಕನ್ ಪ್ರಕೃತಿವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಮೈಕೇಲ್ ಲರ್ನರ್ ಎಂಬ ವರ್ತಕ ಹಾಗೂ ಬೇಟೆಗಾರನ ಪ್ರಯತ್ನದಿಂದ ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಸ್ಥೆ ಜನ್ಮತಾಳಿತು. ಅದರ ನಿಯಮದಂತೆ ಮೀನು ಕಚ್ಚಿದ ಕ್ಷಣದಿಂದ ಬೇರೊಬ್ಬರು ಕೋಲನ್ನಾಗಲಿ ರೀಲನ್ನಾಗಲಿ ಮುಟ್ಟಬಾರದು. ಓಲಾಡುವ ದೋಣಿಯಲ್ಲಿ ತೂಗಿದ ತೂಕ ಸಲ್ಲದು. ದಡದಲ್ಲಿ, ಪರೀಕ್ಷಿಸಿ ಪ್ರಮಾಣೀಕರಿಸಿದ ತಕ್ಕಡಿಯಲ್ಲಿ ತೂಗಬೇಕು. ಬಳಸಿದ ದಾರದ ಮಾದರಿಯನ್ನೂ ಛಾಯಾಚಿತ್ರಗಳನ್ನೂ ಸಾಕ್ಷಿಗಳ ಹೆಸರುಗಳನ್ನೂ ಒಪ್ಪಿಸಬೇಕು. ದೊಡ್ಡ ಮೀನಾದರೆ ಹಳೆಯ ದಾಖಲೆಯನ್ನು ಶೇಕಡಾ ಅರ್ಧದಷ್ಟಾದರೂ ಮೀರಿರಬೇಕು. ಇಂಥ ಪರೀಕ್ಷೆಯಲ್ಲಿ ತೇರ್ಗಡೆಯಾದ ಒಂದು ಮೀನನ್ನು ಇಲ್ಲಿ ಹೆಸರಿಸಬಹುದು. 1953ರ ಆಗಸ್ಟ್ 4ರಂದು ಪೆರು ದೇಶದ ಕಾಬೊ ಬ್ಲಾಂಕೊ ಬಳಿ ಆಲ್ಫ್ರೆಡ್ ಗ್ಲಾಸೆಲ್ ಹಿಡಿದ ಕಪ್ಪು ಮಾರ್ಲಿನ್ 1,560 ಪೌಂಡು ತೂಗಿತು. ಎಪ್ಪತ್ತು ವರ್ಷಗಳು ಕಳೆದರೂ ಆ ದಾಖಲೆ ಅಳಿಯದೆ ನಿಂತಿತು.

ಗ್ರೇ 1936ರಲ್ಲಿ ಆಸ್ಟ್ರೇಲಿಯಕ್ಕೆ ತೆರಳಿ, ಸಿಡ್ನಿಯ ಹೊರಗಡಲಿನಲ್ಲಿ 1,036 ಪೌಂಡಿನ ಹುಲಿಶಾರ್ಕನ್ನು ಹಿಡಿದನು. ಮರುವರ್ಷ ಪಾರ್ಶ್ವವಾಯು ಅವನನ್ನು ಬಾಧಿಸಿತು. ದಾಖಲೆಗಳನ್ನು ಕಾಯುವ ಸಂಸ್ಥೆ ಹುಟ್ಟಿ ನಾಲ್ಕು ತಿಂಗಳು ಕಳೆದಿತ್ತು. 1939ರ ಅಕ್ಟೋಬರ್ 23ರಂದು ಕ್ಯಾಲಿಫೋರ್ನಿಯದ ಆಲ್ಟಡೀನದಲ್ಲಿರುವ ಸ್ವಗೃಹದಲ್ಲಿ ಅವನು ಕೊನೆಯುಸಿರೆಳೆದನು.

ಗ್ರೇ ದೋಷಗಳಿಲ್ಲದ ವ್ಯಕ್ತಿಯಲ್ಲ. ಕೀರ್ತಿಯ ಹಂಬಲ ಅವನಲ್ಲಿ ಬಲವಾಗಿತ್ತು. ತಿಂಗಳುಗಟ್ಟಲೆ ಮನೆಯನ್ನು ಮರೆತು ಅವನು ಕಡಲಲ್ಲಿ ಕಳೆಯುತ್ತಿದ್ದಾಗ, ಮಕ್ಕಳ ಪಾಲನೆಯ ಭಾರ ಡಾಲಿಯ ಮೇಲೆಯೇ ಬಿದ್ದಿತ್ತು. ಆಟಕ್ಕಾಗಿ ಇಷ್ಟು ಜೀವಗಳನ್ನು ಕೊಲ್ಲಬೇಕೆ ಎಂಬ ಪ್ರಶ್ನೆಯೂ ಇಂದು ನಮ್ಮೆದುರು ನಿಲ್ಲುತ್ತದೆ. ಕಾಲ ಅದಕ್ಕೊಂದು ಉತ್ತರವನ್ನು ಕಂಡುಕೊಂಡಿದೆ. 2011ರಿಂದ ಅದೇ ಸಂಸ್ಥೆ, ಮೀನಿನ ಉದ್ದವನ್ನು ಅಳೆದು ಜೀವಂತವಾಗಿ ನೀರಿಗೆ ಬಿಟ್ಟವರ ದಾಖಲೆಗಳನ್ನೂ ಮಾನ್ಯಮಾಡುತ್ತಿದೆ.

ತಂದೆಯ ಕೋಪಕ್ಕೆ, ಸಂಪಾದಕನ ತಿರಸ್ಕಾರಕ್ಕೆ ಸೋಲದ ಗ್ರೇಯ ಛಲ ಮೆಚ್ಚತಕ್ಕದ್ದು. ಅವನ ಅತಿ ದೊಡ್ಡ ಗೆಲುವನ್ನು ಪಟ್ಟಿಯಿಂದ ಹೊರಗಿಟ್ಟ ನಿಯಮವೂ ಅಷ್ಟೇ ಮಾನ್ಯವಾದುದು. ಹೆಸರಾಂತ ವ್ಯಕ್ತಿಗೂ ಸಾಮಾನ್ಯನಿಗೂ ಒಂದೇ ತಕ್ಕಡಿಯಿರುವಲ್ಲಿ ಮಾತ್ರ ಗೆಲುವಿಗೆ ತೂಕವಿರುತ್ತದೆ.