ಕ್ಷ-ಕಿರಣದ ವಿದ್ಯೆ ಕಲಿಸಿದ ಮೇರಿ ಕ್ಯೂರಿ

ಪಿಯುಸಿಯಲ್ಲಿ ವಿಜ್ಞಾನ ಓದಿದ ಮಕ್ಕಳ ಮುಂದೆ ನಾವು ಸಾಮಾನ್ಯವಾಗಿ ಎರಡೇ ಹೆಸರು ಇಡುತ್ತೇವೆ: ಡಾಕ್ಟರ್, ಇಂಜಿನಿಯರ್. ವೈದ್ಯಕೀಯ ಸೀಟು ಸಿಗದಿದ್ದರೆ ಆಸ್ಪತ್ರೆಯ ಬಾಗಿಲೇ ಮುಚ್ಚಿತೆಂದು ಕೈಚೆಲ್ಲಿ ಕೂರುವ ಮಕ್ಕಳು ಕಡಗಂಚಿ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಊರುಗಳಲ್ಲಿ ಕಡಿಮೆಯೇನಿಲ್ಲ. ಆದರೆ ಮುರಿದ ಕೈಯ ಎಕ್ಸ್-ರೇ ತೆಗೆಯುವವರು, ಸಿ.ಟಿ. ಮತ್ತು ಎಂ.ಆರ್.ಐ. ಯಂತ್ರಗಳನ್ನು ನಡೆಸುವವರು ಡಾಕ್ಟರರಲ್ಲ. ಅದಕ್ಕೆಂದೇ ಓದಿ ಬಂದ ರೇಡಿಯೋಗ್ರಾಫರ್‌ಗಳು. ಈ ಕೆಲಸವನ್ನು ಒಂದು ವಿದ್ಯೆಯೆಂದು ತಿಳಿದು, ತರಗತಿ ನಡೆಸಿ ಕಲಿಸಿದ ಮೊದಲಿಗರಲ್ಲಿ ಮೇರಿ ಕ್ಯೂರಿ ಒಬ್ಬರು. ಅವರಿಗೆ ಎರಡು ನೊಬೆಲ್ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಈ ಕೆಲಸ ಗೊತ್ತಿರುವವರು ಕಡಿಮೆ.

ಮರಿಯಾ ಸ್ಕ್ಲೊಡೊವ್ಸ್ಕಾ ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ತಂದೆ ಗಣಿತ ಮತ್ತು ಭೌತಶಾಸ್ತ್ರದ ಮಾಸ್ತರರು. ತಾಯಿ ಹೆಣ್ಣುಮಕ್ಕಳ ಶಾಲೆ ನಡೆಸಿದವರು. ಆಗ ಆ ಭಾಗ ರಷ್ಯಾದ ಆಳ್ವಿಕೆಯಲ್ಲಿತ್ತು. ಹಿರಿಯಕ್ಕ ಜ್ವರದಿಂದ, ತಾಯಿ ಕ್ಷಯದಿಂದ ತೀರಿಕೊಂಡಾಗ ಮರಿಯಾಗೆ ಇನ್ನೂ ಹನ್ನೊಂದು ತುಂಬಿರಲಿಲ್ಲ. 1883ರಲ್ಲಿ ಚಿನ್ನದ ಪದಕದೊಂದಿಗೆ ಶಾಲೆ ಮುಗಿಸಿದರೂ ಮುಂದೆ ದಾರಿ ಇರಲಿಲ್ಲ. ವಾರ್ಸಾ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ.

ಮರಿಯಾ ಮತ್ತು ಅಕ್ಕ ಬ್ರೋನ್ಯಾ ಮನೆಮನೆಗಳಲ್ಲಿ ಗುಟ್ಟಾಗಿ ನಡೆಯುತ್ತಿದ್ದ ಪಾಠಗಳಿಗೆ ಹೋಗತೊಡಗಿದರು. ಆಮೇಲೆ ಅಕ್ಕತಂಗಿಯರು ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡರು. ಬ್ರೋನ್ಯಾ ಪ್ಯಾರಿಸ್ಸಿಗೆ ಹೋಗಿ ವೈದ್ಯಕೀಯ ಓದಬೇಕು, ಮರಿಯಾ ದುಡಿದು ಹಣ ಕಳಿಸಬೇಕು, ಅಕ್ಕ ನೆಲೆನಿಂತ ಮೇಲೆ ತಂಗಿಯನ್ನು ಕರೆಸಿಕೊಳ್ಳಬೇಕು. ಮರಿಯಾ ಹಳ್ಳಿಯ ಸಿರಿವಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದರು. ಬಿಡುವಿನಲ್ಲಿ ಆ ಊರಿನ ರೈತಮಕ್ಕಳಿಗೂ ಅಕ್ಷರ ಕಲಿಸಿದರು. ರಾತ್ರಿ ತಾವೇ ಗಣಿತ, ಭೌತಶಾಸ್ತ್ರ ಓದಿಕೊಂಡರು. ಹೀಗೆ ವರ್ಷಗಳು ಕಳೆದು, 1891ರಲ್ಲಿ ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯ ಸೇರಿದಾಗ ಅವರಿಗೆ 24ರ ಹತ್ತಿರದ ವಯಸ್ಸು. ಚಳಿಯ ಕೋಣೆ, ಅರೆಹೊಟ್ಟೆ, ಪರಭಾಷೆ. 1893ರಲ್ಲಿ ಭೌತಶಾಸ್ತ್ರದ ಪದವಿಯಲ್ಲಿ ಮೊದಲಿಗರಾದರು. ಮರುವರ್ಷ ಗಣಿತದಲ್ಲಿ ಎರಡನೆಯವರಾದರು.

1895ರಲ್ಲಿ ವಿಜ್ಞಾನಿ ಪಿಯರ್ ಕ್ಯೂರಿಯವರೊಂದಿಗೆ ಮದುವೆಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ಜರ್ಮನಿಯ ರಾಂಟ್ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದರು. ಮರುವರ್ಷ ಬೆಕೆರೆಲ್ ಯುರೇನಿಯಂ ತಾನಾಗಿಯೇ ಕಿರಣ ಹೊರಸೂಸುವುದನ್ನು ಕಂಡರು. ಕ್ಯೂರಿ ದಂಪತಿ ಈ ಜಾಡು ಹಿಡಿದು 1898ರಲ್ಲಿ ಪೊಲೋನಿಯಂ, ರೇಡಿಯಂ ಎಂಬ ಎರಡು ಮೂಲವಸ್ತುಗಳನ್ನು ಗುರುತಿಸಿದರು. 1903ರಲ್ಲಿ ಬೆಕೆರೆಲ್ ಜೊತೆ ಭೌತಶಾಸ್ತ್ರದ ನೊಬೆಲ್ ಬಂತು. ರೇಡಿಯಂ ತೆಗೆಯುವ ವಿಧಾನಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. 1906ರಲ್ಲಿ ಕುದುರೆಗಾಡಿಯ ಅಪಘಾತದಲ್ಲಿ ಪಿಯರ್ ತೀರಿಕೊಂಡರು. ಇಬ್ಬರು ಪುಟ್ಟ ಹೆಣ್ಣುಮಕ್ಕಳ ತಾಯಿ ಮೇರಿ ಪತಿಯ ಸ್ಥಾನದಲ್ಲಿ ನಿಂತು ಸೊರ್ಬಾನಿನ ಮೊದಲ ಮಹಿಳಾ ಪ್ರಾಧ್ಯಾಪಕಿಯಾದರು. 1911ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಅವರೊಬ್ಬರಿಗೇ ಬಂತು. ಅದೇ ವರ್ಷ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಚುನಾವಣೆಯಲ್ಲಿ ಅವರಿಗೆ ಸೋಲಾಗಿತ್ತು.

1914ರಲ್ಲಿ ಮೊದಲ ಮಹಾಯುದ್ಧ ಬಂತು. ಗಾಯಾಳುಗಳ ಮೈಯಲ್ಲಿ ಗುಂಡಿನ ಚೂರು ಎಲ್ಲಿದೆ ಎಂದು ತಿಳಿಯದೆ ವೈದ್ಯರು ಊಹೆಯ ಮೇಲೆ ಕೊಯ್ಯಬೇಕಿತ್ತು. ಕ್ಷ-ಕಿರಣ ಮೂಳೆಯಲ್ಲಿ, ಲೋಹದಲ್ಲಿ ಹೆಚ್ಚು ತಡೆಯುತ್ತದೆ, ಮಾಂಸದಲ್ಲಿ ಸುಲಭವಾಗಿ ಹಾಯುತ್ತದೆ. ಆದ್ದರಿಂದ ಚೂರು ಚಿತ್ರದಲ್ಲಿ ಬೇರೆಯಾಗಿ ಕಾಣುತ್ತದೆ. ನಳಿಗೆಯನ್ನು ಸ್ವಲ್ಪ ಸರಿಸಿ ಎರಡು ಚಿತ್ರ ತೆಗೆದರೆ ಅದು ಎಷ್ಟು ಆಳದಲ್ಲಿದೆ ಎಂದೂ ಲೆಕ್ಕ ಹಾಕಬಹುದು. ಆದರೆ ಈ ಯಂತ್ರಗಳಿದ್ದದ್ದು ದೂರದ ನಗರಗಳ ಆಸ್ಪತ್ರೆಗಳಲ್ಲಿ. ಗಾಯಾಳು ಯಂತ್ರದ ಬಳಿಗೆ ಬರಲಾರ, ಯಂತ್ರವೇ ಅವನ ಬಳಿಗೆ ಹೋಗಬೇಕು ಎಂದು ಮೇರಿ ನಿಶ್ಚಯಿಸಿದರು. ದಾನಿಗಳಿಂದ ಮೋಟಾರು ಗಾಡಿಗಳನ್ನು ಪಡೆದರು. ಗಾಡಿಯ ಇಂಜಿನ್ನಿನಿಂದಲೇ ಡೈನಮೋ ತಿರುಗಿಸಿ ವಿದ್ಯುತ್ ಪಡೆಯುವಂತೆ ಮಾಡಿ, ಒಳಗೆ ಎಕ್ಸ್-ರೇ ಯಂತ್ರ ಕೂರಿಸಿದರು. ಸೈನಿಕರು ಇವುಗಳನ್ನು ಪುಟ್ಟ ಕ್ಯೂರಿಗಳೆಂದು ಕರೆದರು. ಇಂಥ ಸುಮಾರು 20 ಗಾಡಿಗಳು, 200 ಎಕ್ಸ್-ರೇ ಕೋಣೆಗಳು ಅವರ ಪ್ರಯತ್ನದಿಂದ ಸಿದ್ಧವಾದವು.

ಎರಡು ನೊಬೆಲ್ ಪಡೆದ ಪ್ರಾಧ್ಯಾಪಕಿ ಈ ಕೆಲಸಕ್ಕಾಗಿ ಮತ್ತೆ ವಿದ್ಯಾರ್ಥಿನಿಯಾದರು. ಶರೀರರಚನಾಶಾಸ್ತ್ರ ಓದಿದರು, ಗಾಡಿ ಓಡಿಸುವುದನ್ನೂ ಕೆಟ್ಟಾಗ ರಿಪೇರಿ ಮಾಡುವುದನ್ನೂ ಕಲಿತರು.

ಯಂತ್ರ ಬಂದ ಮೇಲೆ ನಡೆಸುವ ಕೈಗಳ ಕೊರತೆ ತಲೆದೋರಿತು. 1916ರಿಂದ ಮೇರಿ ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯಲ್ಲಿ ಮಹಿಳೆಯರಿಗೆ ಕೆಲವು ವಾರಗಳ ತರಬೇತಿ ಆರಂಭಿಸಿದರು. ವಿದ್ಯುಚ್ಛಕ್ತಿ, ಕ್ಷ-ಕಿರಣ, ಶರೀರರಚನೆ ಮತ್ತು ಪ್ರಾಯೋಗಿಕ ಕೆಲಸ ಪಾಠದಲ್ಲಿದ್ದವು. ಬಂದವರೆಲ್ಲರ ಓದು ಒಂದೇ ಮಟ್ಟದ್ದಾಗಿರಲಿಲ್ಲ. ಆದರೂ ಸುಮಾರು 150 ಮಂದಿ ಕಲಿತು ಆಸ್ಪತ್ರೆಗಳಿಗೆ ಹೋದರು. ಕಲಿಸುವವರಲ್ಲಿ ಮಗಳು ಐರೀನ್ ಕೂಡ ಇದ್ದರು. ಅವರು 18ನೇ ವಯಸ್ಸಿನಲ್ಲೇ ಬೆಲ್ಜಿಯಂನ ಸೇನಾ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ಜವಾಬ್ದಾರಿ ಹೊತ್ತವರು. 1935ರಲ್ಲಿ ಪತಿಯೊಂದಿಗೆ ನೊಬೆಲ್ ಪಡೆದರು.

ಇದಕ್ಕೆ ತೆತ್ತ ಬೆಲೆ ದೊಡ್ಡದು. ಕಿರಣದ ಅಪಾಯ ಆಗ ಪೂರ್ತಿ ತಿಳಿದಿರಲಿಲ್ಲ, ರಕ್ಷಣೆಯೂ ಸಾಕಷ್ಟಿರಲಿಲ್ಲ. ಮೂಳೆಮಜ್ಜೆ ಹೊಸ ರಕ್ತ ತಯಾರಿಸುವುದನ್ನೇ ನಿಲ್ಲಿಸುವ ರಕ್ತಹೀನತೆಯಿಂದ ಮೇರಿ 1934ರ ಜುಲೈ 4ರಂದು ನಿಧನರಾದರು. 1995ರಲ್ಲಿ ಅವರ ಪಾರ್ಥಿವ ಶರೀರವನ್ನು ಪ್ಯಾರಿಸ್ಸಿನ ಪ್ಯಾಂಥಿಯನ್ನಿಗೆ ಸಾಗಿಸುವಾಗ ಪರೀಕ್ಷಿಸಿದ ತಜ್ಞರು, ರೇಡಿಯಂಗಿಂತ ಯುದ್ಧಕಾಲದ ಕ್ಷ-ಕಿರಣಗಳೇ ಆ ರೋಗಕ್ಕೆ ಕಾರಣವಾಗಿರಬಹುದೆಂದು ಅಭಿಪ್ರಾಯಪಟ್ಟರು. ಐರೀನ್ 1956ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು.

ವಿದ್ಯಾರ್ಥಿ ಮಿತ್ರರೇ, ಈ ಕಥೆ ಕೇಳಿ ಹೆದರಬೇಕಿಲ್ಲ. ಅಂದಿನವರ ನೋವಿನಿಂದಲೇ ಇಂದಿನ ನಿಯಮಗಳು ಬಂದಿವೆ. ಸೀಸದ ಏಪ್ರನ್, ಸೀಸದ ಗೋಡೆ, ಎದೆಯ ಮೇಲೆ ತಗುಲಿಸಿಕೊಂಡು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಕಳಿಸುವ ಬ್ಯಾಡ್ಜ್ ಇವೆ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಮ್ಮ ದೇಶದಲ್ಲಿ ಇದನ್ನೆಲ್ಲ ನೋಡಿಕೊಳ್ಳುತ್ತದೆ. ಕೆಲಸಗಾರರ ಮೈಗೆ ತಾಗುವ ಕಿರಣದ ಪ್ರಮಾಣ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು. ಎಂ.ಆರ್.ಐ. ಮತ್ತು ಅಲ್ಟ್ರಾಸೌಂಡಿನಲ್ಲಿ ಕ್ಷ-ಕಿರಣವೇ ಇಲ್ಲ.

ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಯಲ್ಲಿ ಬಿ.ಎಸ್ಸಿ. ಓದಬಹುದು. ವಿಜ್ಞಾನದ ಪಿಯುಸಿ ಬೇಕು. 2021ರಲ್ಲಿ ಈ ಬಗೆಯ ವೃತ್ತಿಗಳಿಗಾಗಿಯೇ ಕೇಂದ್ರ ಕಾನೂನು ಬಂದಿದೆ. ಆದ್ದರಿಂದ ಪ್ರವೇಶಕ್ಕೆ ಮುಂಚೆ ಕಾಲೇಜಿಗೆ ಮಾನ್ಯತೆ ಇದೆಯೇ, ಕಲಿಯಲು ಆಸ್ಪತ್ರೆ ಇದೆಯೇ ಎಂದು ವಿಚಾರಿಸಿಕೊಳ್ಳಿ. 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯ ಇಂದು ಕಡಗಂಚಿಯಲ್ಲೇ ಇದೆ. ವಿಶ್ವವಿದ್ಯಾಲಯವೆಂಬುದು ಈಗ ನಮ್ಮ ಊರುಗಳಿಗೆ ದೂರದ ಮಾತಲ್ಲ.

ಪೋಷಕರಲ್ಲಿಯೂ ಒಂದು ಮಾತು. ತಪಾಸಣೆಗೆ ಹೋದ ಹೆಣ್ಣುಮಕ್ಕಳು ಎಕ್ಸ್-ರೇ ಕೋಣೆಯಲ್ಲಿ ಒಬ್ಬ ಮಹಿಳೆ ಇದ್ದರೆ ನೆಮ್ಮದಿ ಪಡುತ್ತಾರೆ. ಆ ಮಹಿಳೆ ನಮ್ಮ ಮನೆಯ ಮಗಳೇ ಆಗಬಹುದು. ಅಕ್ಕನ ಓದಿಗೆ ತಂಗಿ, ತಂಗಿಯ ಓದಿಗೆ ಅಕ್ಕ ನಿಂತ ಆ ಮನೆಯಂತೆ ನಾವೂ ಒಬ್ಬರಿಗೊಬ್ಬರು ನಿಂತರೆ ಅದು ಕಷ್ಟವಾಗಲಾರದು.